40 ಸೆಂಟಿಮೀಟರಿನ ಹಾರಾಟ

ವಿಜಯನಗರದ ಮಾರುತಿ ಮಂದಿರದ ಹಿಂದೆ ಒಂದು ಅಡ್ಡರಸ್ತೆ. ಕಾರು ನಿಲ್ಲಿಸಲು ಜಾಗ ಸಿಗದ ಈ ಬಡಾವಣೆಯಲ್ಲಿ ಆ ರಸ್ತೆಯ ಒಂದು ಮೂಲೆ ಹೇಗೋ ಖಾಲಿ ಉಳಿದಿದೆ. ಸಂಜೆಯಾದರೆ ಮಕ್ಕಳು ಅಲ್ಲಿ ಚಾಕ್‌ಪೀಸಿನಿಂದ ಮನೆ ಬರೆದು ಕುಂಟೆಬಿಲ್ಲೆ ಆಡುತ್ತಾರೆ. ಎದುರಿನ ಕಟ್ಟೆಯ ಮೇಲೆ ನಾವು ಮೂವರು. ಒಬ್ಬರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಇನ್ನೊಬ್ಬಳು ಅವರ ಕೈಕೆಳಗೇ ಹೈಜಂಪ್ ಕಲಿತು, ಈಗ ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಓದುತ್ತಿರುವ ಹುಡುಗಿ. ಮೂರನೆಯವನು ನಾನು. ನನ್ನ ಪಾಲಿಗೆ ಕಡ್ಲೆಕಾಯಿ ಸುಲಿಯುವ ಕೆಲಸವಿತ್ತು, ಅದನ್ನು ಮಾಡುತ್ತ ಕೇಳಿಸಿಕೊಂಡಿದ್ದು ಇಷ್ಟು.

ಹುಡುಗಿ: ಆ ಪುಟ್ಟಿ ನೋಡಿ ಸರ್, ಮೂರನೇ ಮನೆ ದಾಟೋಕೆ ಎಷ್ಟು ಒದ್ದಾಡ್ತಿದ್ದಾಳೆ. ಇದೇ ಚಂದ್ರನ ಮೇಲಾಗಿದ್ದಿದ್ರೆ ಒಂದೇ ನೆಗೆತಕ್ಕೆ ಅಷ್ಟೂ ಮನೆ ದಾಟಿ ಆಚೆ ಬೀಳೋಳು.

ಮೇಷ್ಟ್ರು: ಆಚೆ ಬಿದ್ರೆ ಔಟು ಕಣಮ್ಮ. ಗೆರೆ ತುಳೀದೆ ಇಳಿಯೋದು ಈ ಆಟ. ನಿಮ್ಮ ಚಂದ್ರನಲ್ಲಿ ಆಟವೇ ಕೆಟ್ಟುಹೋಗುತ್ತೆ.

ಹುಡುಗಿ: ಮನೆ ದೊಡ್ಡದಾಗಿ ಬರ್ಕೊಂಡ್ರಾಯ್ತು. ಆರು ಪಟ್ಟು.

ಮೇಷ್ಟ್ರು: ಈ ಆರು ಪಟ್ಟು ಅನ್ನೋದನ್ನ ಎಲ್ಲರೂ ಮಗ್ಗಿ ಥರ ಒಪ್ಪಿಸ್ತೀರಿ. ನಮ್ಮ ಸ್ಕೂಲಲ್ಲಿ ಒಬ್ಬ ಹುಡುಗ 1 ಮೀಟರ್ 60 ಹಾರ್ತಿದ್ದ. ಅಲ್ಲಿ ಹೋದ್ರೆ 9 ಮೀಟರ್ 60 ಹಾರ್ತಾನಾ? ಮೂರು ಅಂತಸ್ತಿನ ಮನೆ ಆಯ್ತಲ್ಲ!

ಹುಡುಗಿ: ಹಾರಲ್ಲ ಸರ್. ಯಾಕೆ ಹಾರಲ್ಲ ಅನ್ನೋದನ್ನ ನೀವೇ ನಮಗೆ ಹೇಳಿಕೊಟ್ಟಿದ್ದು. ಗೋಡೆ ಪಕ್ಕ ನಿಲ್ಲಿಸಿ, ಬೆರಳಿಗೆ ಚಾಕ್‌ಪೀಸ್ ಪುಡಿ ಹಚ್ಚಿ, ನಿಂತು ಕೈ ಚಾಚಿ ಒಂದು ಗುರುತು, ಹಾರಿ ಒಂದು ಗುರುತು ಹಾಕಿಸ್ತಿದ್ರಿ. ‘ನಡುವೆ ಇರೋದು ಮಾತ್ರ ನಿನ್ನ ಸಂಪಾದನೆ, ಕೆಳಗಿನದ್ದು ಅಪ್ಪ ಅಮ್ಮ ಕೊಟ್ಟಿದ್ದು’ ಅಂತಿದ್ರಿ. ಹೈಜಂಪಲ್ಲೂ ಅಷ್ಟೇ. ಹುಡುಗ ನಿಂತಿರೋವಾಗಲೇ ಅವನ ಮೈಭಾರದ ನಡುಬಿಂದು, ಹೊಕ್ಕುಳ ಹತ್ರ ಅನ್ಕೊಳ್ಳಿ, ನೆಲದಿಂದ 90 ಸೆಂಟಿಮೀಟರ್ ಮೇಲಿರುತ್ತೆ. 1 ಮೀಟರ್ 60ರ ಬಾರ್ ದಾಟೋಕೆ ಅವನು ನಿಜವಾಗಿ ಎತ್ತಿದ್ದು ಸುಮಾರು 70. ಆ 70ನ್ನ ಮಾತ್ರ ಆರರಿಂದ ಗುಣಿಸಿ, ಆಮೇಲೆ 90 ಕೂಡಿಸಿ. 5 ಮೀಟರ್ ಚಿಲ್ಲರೆ. ಕ್ಯೂಬಾದ ಸೊಟೊಮಯೊರ್ 1993ರಲ್ಲಿ 2 ಮೀಟರ್ 45 ಹಾರಿದ್ರಲ್ಲ, ಅವರೂ ಅಲ್ಲಿ 10 ಮೀಟರಿನ ಒಳಗೇ ನಿಲ್ತಾರೆ.

ಮೇಷ್ಟ್ರು: ಅದೂ ಓಡಿ ಬರೋಕಾದ್ರೆ. ಹೈಜಂಪ್ ಅಂದ್ರೆ ಕೊನೇ ಮೂರು ಹೆಜ್ಜೆ ಅಂತ ಎಷ್ಟು ಸಲ ಬಡ್ಕೊಂಡಿದೀನಿ. ಓಟದ ವೇಗವನ್ನ ಕಾಲು ಊರಿ ಮೇಲಕ್ಕೆ ತಿರುಗಿಸಬೇಕು. ಹಾಗೆ ಊರೋವಾಗ ಪಾದ ನೆಲಕ್ಕೆ ಕಚ್ಚಬೇಕು. ಕಚ್ಚೋಕೆ ಭಾರ ಬೇಕು. ಭಾರ ಆರರಲ್ಲಿ ಒಂದು ಪಾಲಾದ್ರೆ ಹಿಡಿತಾನೂ ಆರರಲ್ಲಿ ಒಂದು ಪಾಲು. ಮಳೆ ಬಂದ ದಿನ ಮೊಸಾಯಿಕ್ ನೆಲದ ಮೇಲೆ ಓಡಿ ನೋಡು, ಗೊತ್ತಾಗುತ್ತೆ.

ಹುಡುಗಿ: ಓಟ ಬೇಡ, ನಿಂತಲ್ಲಿಂದಲೇ ಹಾರೋದು ತಗೊಳ್ಳಿ. ಅದರಲ್ಲಿ ಆರಕ್ಕಿಂತ ಜಾಸ್ತೀನೇ ಬರುತ್ತೆ. ಹಾರೋಕೆ ಮುಂಚೆ ಮಂಡಿ ಮಡಿಸಿ ಕುಗ್ಗುತ್ತೀವಲ್ಲ, ಅಲ್ಲಿಂದ ತುದಿಗಾಲಿಗೆ ಏಳೋವರೆಗೆ ಒಂದು 40 ಸೆಂಟಿಮೀಟರ್. ಆ 40 ಎತ್ತೋಕೂ ಕಾಲು ದುಡಿದಿರುತ್ತೆ, ಗೋಡೆ ಮೇಲಿನ ಗುರುತಲ್ಲಿ ಮಾತ್ರ ಅದು ಕಾಣಲ್ಲ. ಗೋಡೆ ಮೇಲೆ 50 ತೋರಿಸೋನು ನಿಜವಾಗಿ ದುಡಿದಿರೋದು 90. ಅಷ್ಟೇ ದುಡಿಮೆಗೆ ಚಂದ್ರನಲ್ಲಿ 5 ಮೀಟರ್ 40 ಸಿಗುತ್ತೆ. ಕುಗ್ಗಿ ಎದ್ದ 40 ಕಳೆದ್ರೂ 5 ಮೀಟರ್ ಉಳೀತು. 50 ಎಲ್ಲಿ, 5 ಮೀಟರ್ ಎಲ್ಲಿ! ಹತ್ತು ಪಟ್ಟು ಸರ್.

ಮೇಷ್ಟ್ರು: ಕಾಗದದ ಮೇಲೆ. ಕ್ರಿಕೆಟ್ ಬಾಲ್ 160 ಗ್ರಾಂ ಬರುತ್ತೆ, ಟೇಬಲ್ ಟೆನಿಸ್ ಬಾಲ್ 3 ಗ್ರಾಂ ಕೂಡ ಇಲ್ಲ. ಅದು ಐವತ್ತು ಪಟ್ಟು ಹಗುರ ಅಂತ ನಿನ್ನ ತೋಳು ಅದನ್ನ ಐವತ್ತು ಪಟ್ಟು ಜೋರಾಗಿ ಎಸೆಯುತ್ತಾ? ಸ್ನಾಯುವಿಗೆ ಅದರದ್ದೇ ಒಂದು ಓಟ ಇದೆ. ಎದುರು ಹೊರೆ ಇದ್ರೆ ನಿಧಾನಕ್ಕೆ, ಗಟ್ಟಿಯಾಗಿ ತಳ್ಳುತ್ತೆ. ಹೊರೆ ತೆಗೆದ್ರೆ ಬೇಗ ಬಿಚ್ಚಿಕೊಳ್ಳುತ್ತೆ, ಬಿಗಿ ಇರಲ್ಲ. ಚಂದ್ರನ ಮೇಲೆ ಕಾಲು ಪೂರ್ತಿ ತಳ್ಳೋಷ್ಟರಲ್ಲಿ ನೆಲ ಕೈತಪ್ಪಿ ಹೋಗಿರುತ್ತೆ.

ಹುಡುಗಿ: ಕಾಲುತಪ್ಪಿ.

ಮೇಷ್ಟ್ರು: ಹೂಂ, ಕಾಲುತಪ್ಪಿ.

(ಆರು ಎಂಬ ಅಂಕಿಯನ್ನು ಒಬ್ಬರು ಕೆಳಕ್ಕೆ, ಒಬ್ಬಳು ಮೇಲಕ್ಕೆ ಎಳೆದಾಡುತ್ತಿದ್ದರು. ಸ್ಕೂಲಿನಲ್ಲಿ ನಮಗೆ ಅದನ್ನು ದೇವರ ವಾಕ್ಯದಂತೆ ಬರೆಸಿದ್ದರು. ಚಂದ್ರನ ಸೆಳೆತ ಸೆಕೆಂಡಿಗೆ ಸೆಕೆಂಡಿಗೆ 1.62 ಮೀಟರ್, ನಮ್ಮದು 9.8. ಭಾಗಿಸಿದರೆ ಆರು, ನಿಜ. ಆ ಭಾಗಾಕಾರದಲ್ಲಿ ಕಾಲು ಎಲ್ಲೂ ಬರುವುದಿಲ್ಲ ಎಂದು ನನಗೆ ಹೊಳೆದಿದ್ದು ಇಲ್ಲಿ, ಕಡ್ಲೆಕಾಯಿ ಸಿಪ್ಪೆಯ ನಡುವೆ.)

ಮೇಷ್ಟ್ರು: ಲೆಕ್ಕ ಸಾಕು. ಹೋದವರು ಇದ್ದಾರಲ್ಲ, ಅವರು ಎಷ್ಟು ಹಾರಿದ್ರು?

ಹುಡುಗಿ: ಅಪೊಲೊ 16. 1972ರ ಏಪ್ರಿಲ್. ಜಾನ್ ಯಂಗ್ ಬಾವುಟದ ಎದುರು ಹಾರಿ, ಗಾಳಿಯಲ್ಲೇ ಸೆಲ್ಯೂಟ್ ಹೊಡೆದ್ರು.

ಮೇಷ್ಟ್ರು: ಅಲ್ಲಿ ಗಾಳಿ ಎಲ್ಲಿಂದ ಬಂತು?

ಹುಡುಗಿ: ಸರಿ, ಬಯಲಲ್ಲೇ. 1.45 ಸೆಕೆಂಡ್ ಮೇಲಿದ್ರು ಅಂತ ಟಿವಿ ಚಿತ್ರ ನೋಡಿ ಅಳೆದಿದ್ದಾರೆ. ಅದರಿಂದ ಎತ್ತರ ಲೆಕ್ಕ ಹಾಕಿದ್ರೆ... 42 ಸೆಂಟಿಮೀಟರ್.

ಮೇಷ್ಟ್ರು (ತೊಡೆ ತಟ್ಟಿಕೊಂಡು): 42! ನಮ್ಮ ಎಂಟನೇ ಕ್ಲಾಸ್ ಮಕ್ಕಳು ಹಾರೋದು ಅಷ್ಟು. ಅಷ್ಟು ದೂರ ಹೋಗಿ ಇಷ್ಟಾ?

ಹುಡುಗಿ: ಉಡುಪು, ಬೆನ್ನ ಮೇಲಿನ ಪೆಟ್ಟಿಗೆ ಎಲ್ಲಾ ಸೇರಿ ಅವರ ಮೈತೂಕಕ್ಕಿಂತ ಕಡಿಮೆ ಏನಿರಲಿಲ್ಲ. ಉಬ್ಬಿಸಿದ ಟ್ಯೂಬಿನಂಥ ಉಡುಪಲ್ಲಿ ಮಂಡಿ ಮಡಿಸೋದೇ ಕಷ್ಟ. ಆ ತಳ್ಳುವಿಕೆಯನ್ನ ಹಾಗೇ ಭೂಮಿಗೆ ತಂದ್ರೆ ಅವರು ಏಳ್ತಿದ್ದಿದ್ದು 7 ಸೆಂಟಿಮೀಟರ್.

ಮೇಷ್ಟ್ರು: ಇಷ್ಟು? (ಹೆಬ್ಬೆರಳು, ತೋರುಬೆರಳು ಅಗಲಿಸಿ ತೋರಿಸಿದರು.)

ಹುಡುಗಿ: ಅಷ್ಟೇ. ಆದರೂ ಚಂದ್ರ ಅದನ್ನ 42 ಮಾಡಿಕೊಟ್ಟ. ಇನ್ನೊಂದು ಮಜಾ ಗೊತ್ತಾ? ಚಂದ್ರನಿಂದ ಟಿವಿ ಚಿತ್ರ ಇಲ್ಲಿಗೆ ಬರೋಕೆ 1.28 ಸೆಕೆಂಡ್ ಬೇಕು. ಅವರ ಪಾದ ನೆಲ ಬಿಟ್ಟಿದ್ದನ್ನ ಇಲ್ಲಿಯೋರು ನೋಡೋ ಹೊತ್ತಿಗೆ ಅಲ್ಲಿ ಅವರು ಇಳಿಯೋದರಲ್ಲಿದ್ರು.

ಮೇಷ್ಟ್ರು: ಇಳಿದದ್ದು ಹೇಗೆ, ಅದು ಹೇಳು. ನಾನು ಮಕ್ಕಳಿಗೆ ಮೊದಲ ತಿಂಗಳು ಹಾರೋದೇ ಕಲಿಸ್ತಿರಲಿಲ್ಲ, ಮರಳಗುಂಡಿಗೆ ಇಳಿಯೋದು ಮಾತ್ರ. ಪೋಷಕರು ಬಂದು ಜಗಳ ಆಡೋರು.

ಹುಡುಗಿ: ಯಂಗ್ ಸರಿಯಾಗೇ ಇಳಿದ್ರು. ಅವರ ಜೊತೆಗಾರ ಚಾರ್ಲಿ ಡ್ಯೂಕ್ ‘ಚಂದ್ರನ ಒಲಿಂಪಿಕ್ಸ್’ ಅಂತ ತಮಾಷೆಗೆ ಎತ್ತರ ಹಾರಿ, ಮೇಲೆ ಹೋದಾಗ ಹಿಂದಕ್ಕೆ ವಾಲಿ, ಬೆನ್ನುಪೆಟ್ಟಿಗೆ ಮೇಲೆ ಬಿದ್ರು. ಉಸಿರಿನ ಆಮ್ಲಜನಕ ಇರೋದೇ ಆ ಪೆಟ್ಟಿಗೇಲಿ. ಅದು ಒಡೆದಿದ್ರೆ ಕಥೆ ಮುಗೀತಿತ್ತು.

ಮೇಷ್ಟ್ರು: ನೋಡಿದ್ಯಾ? ಹಗುರ ಆಗಿದೀನಿ ಅನ್ನೋ ಭ್ರಮೆ. ಮೈ ಹಗುರ ಆಗಿರಲ್ಲ, ಎತ್ತೋದು ಸುಲಭ ಆಗಿರುತ್ತೆ ಅಷ್ಟೇ.

ಹುಡುಗಿ: ಸರ್, ನೀವು ಹೇಳಿದ್ದು ನಮ್ಮ ಪುಸ್ತಕದ ಒಂದು ಅಧ್ಯಾಯ. ಉಡುಪು ಸಮೇತ ಯಂಗ್ ಅಲ್ಲಿ ತೂಗ್ತಿದ್ದಿದ್ದು ಸುಮಾರು 30 ಕೆ.ಜಿ. ಮನೆಗೆ ಬರೋ ತುಂಬಿದ ಗ್ಯಾಸ್ ಸಿಲಿಂಡರಿನಷ್ಟು. ಆದ್ರೆ ಓಡ್ತಾ ಬಂದೋರನ್ನ ತಡೆದು ನಿಲ್ಲಿಸಬೇಕು ಅಂದ್ರೆ 170 ಕೆ.ಜಿ.ನೂ ಎದುರಿಗಿರುತ್ತೆ. ಎತ್ತೋಕೆ ಸಿಲಿಂಡರು, ನಿಲ್ಲಿಸೋಕೆ ಬುಲೆಟ್ ಬೈಕು. ಜಡತ್ವ ಅನ್ನೋದು ಎಲ್ಲಿ ಹೋದ್ರೂ ಜೊತೆಗೇ ಬರುತ್ತೆ. ಇಸ್ರೋದವರು ಇದೇ ಬೆಂಗಳೂರಲ್ಲಿ ಚಂದ್ರನಿಗೆ ಕಳಿಸೋ ರೋವರ್ ಪರೀಕ್ಷೆ ಮಾಡೋವಾಗ ಅದಕ್ಕೆ ಹೀಲಿಯಂ ಬಲೂನ್ ಕಟ್ಟಿ ಭಾರ ತಗ್ಗಿಸಿದ್ರು. ಬಲೂನ್ ಭಾರ ಹೊತ್ಕೊಳ್ಳುತ್ತೆ, ಜಡತ್ವ ಹೊತ್ಕೊಳ್ಳಲ್ಲ.

ಅಷ್ಟರಲ್ಲಿ ಬಿಲ್ಲೆ ಚರಂಡಿಗೆ ಬಿದ್ದು ಮಕ್ಕಳಲ್ಲಿ ಸಣ್ಣ ಗಲಾಟೆಯಾಯಿತು. ಹಂಚಿನ ಚೂರು ಸಿಗುವುದು ಈಗ ಸುಲಭವಲ್ಲ, ಟೈಲ್ಸ್ ತುಂಡಿನಲ್ಲಿ ಆಡುತ್ತಾರೆ. ಮೇಷ್ಟ್ರು ಒಂದು ತುಂಡು ಹುಡುಕಿ ಕೊಟ್ಟು ಬಂದರು.

ಹುಡುಗಿ: 42ಕ್ಕೆ ನಕ್ಕಿರಲ್ಲ. ನಮ್ಮದೂ ಹಾರಿದೆ. 40.

ಮೇಷ್ಟ್ರು: ಪ್ರಗ್ಯಾನ್?

ಹುಡುಗಿ: ಪ್ರಗ್ಯಾನ್ ರೋವರ್ ಹಾರಲಿಲ್ಲ, ಸೆಕೆಂಡಿಗೆ ಒಂದು ಸೆಂಟಿಮೀಟರಿನಂತೆ ತೆವಳಿತು. ಹಾರಿದ್ದು ಅದನ್ನ ಹೊತ್ತು ಇಳಿದ ನೌಕೆ ವಿಕ್ರಮ್. 2023ರ ಆಗಸ್ಟ್ 23ಕ್ಕೆ ಇಳಿದಿತ್ತಲ್ಲ. ಸೆಪ್ಟೆಂಬರ್ 3ಕ್ಕೆ, ಇನ್ನೊಂದು ದಿನಕ್ಕೆ ಅದನ್ನ ಮಲಗಿಸಬೇಕು ಅನ್ನೋವಾಗ, ಪೀಣ್ಯದ ಇಸ್ರೋ ಕೇಂದ್ರದಿಂದ ಆಜ್ಞೆ ಹೋಯ್ತು. ಇಳಿಜಾರು ಹಲಗೆ ಮಡಚಿ, ನೆಲಕ್ಕೆ ಊರಿದ್ದ ಉಪಕರಣಗಳನ್ನ ಒಳಕ್ಕೆ ಎಳ್ಕೊಂಡು, ಎಂಜಿನ್ ಹೊತ್ತಿಸಿ, 40 ಸೆಂಟಿಮೀಟರ್ ಎದ್ದು, ಒಂದು 30-40 ಸೆಂಟಿಮೀಟರ್ ಆಚೆ ಇಳೀತು. ಆಮೇಲೆ ಉಪಕರಣ ಎಲ್ಲಾ ಮತ್ತೆ ಬಿಚ್ಚಿಕೊಂಡ್ವು. ಅದರ ಮಾತು ಕೇಳಿಸಿಕೊಳ್ಳೋ 32 ಮೀಟರಿನ ಆ್ಯಂಟೆನಾ ಇರೋದು ನಮ್ಮ ಕೆಂಗೇರಿ ಆಚೆ, ಬ್ಯಾಲಾಳಿನಲ್ಲಿ.

ಮೇಷ್ಟ್ರು: ಬ್ಯಾಲಾಳು ನೋಡಿದೀನಿ, ರಾಗಿ ಹೊಲದ ನಡುವೆ ಬಿಳಿ ಬಾಣಲೆ. ಪೀಣ್ಯವೂ ಗೊತ್ತು, ಆಜ್ಞೆ ಹೊರಡೋ ಆ ಗೇಟಿನ ಮುಂದೆ ನನ್ನ ತಮ್ಮ ಇಪ್ಪತ್ತು ವರ್ಷ ಲೇತ್ ಕೆಲಸಕ್ಕೆ ಓಡಾಡಿದ್ದಾನೆ. ಹೆಮ್ಮೆ ನನಗೂ ಇದೆ. ಆದ್ರೆ ಎಂಜಿನ್ ಎತ್ತಿದ್ದನ್ನ ಹಾರಿದ್ದು ಅಂತ ನನ್ನ ಹತ್ರ ಹೇಳಬೇಡ. ಲಿಫ್ಟಲ್ಲಿ ಮೇಲೆ ಹೋದೋನಿಗೆ ಹೈಜಂಪ್ ಮೆಡಲ್ ಕೊಡ್ತೀಯಾ?

ಹುಡುಗಿ: ಎತ್ತರಕ್ಕೆ ಮೆಡಲ್ ಬೇಡ ಸರ್, ಇಳಿದದ್ದಕ್ಕೆ ಕೊಡಿ. 2019ರ ಸೆಪ್ಟೆಂಬರಲ್ಲಿ ಮೊದಲನೇ ವಿಕ್ರಮ್ ಅಪ್ಪಳಿಸಿ ಹೋಗಿತ್ತು. ಈ ಸಲ ಕಾಲು ಗಟ್ಟಿ ಮಾಡಿದ್ರು. ಸೆಕೆಂಡಿಗೆ 2 ಮೀಟರ್ ವೇಗ ತಡೆಯೋ ಕಾಲುಗಳನ್ನ 3 ಮೀಟರ್ ತಡೆಯೋ ಹಾಗೆ. 3 ಮೀಟರ್ ಅಂದ್ರೆ ಎಷ್ಟು ಗೊತ್ತಾ? ಇಲ್ಲಿ ಒಂದು ಸ್ಟೂಲಿಂದ, 46 ಸೆಂಟಿಮೀಟರಿಂದ, ಕೆಳಕ್ಕೆ ಹಾರಿದಾಗ ನೆಲ ಮುಟ್ಟೋ ವೇಗ.

ಮೇಷ್ಟ್ರು (ಸ್ವಲ್ಪ ಹೊತ್ತು ಸುಮ್ಮನಿದ್ದು): ಅಂದ್ರೆ ಗೋಡೆ ಮೇಲೆ 50 ತೋರಿಸೋ ಹುಡುಗ...

ಹುಡುಗಿ: ಪ್ರತಿ ಸಲ ಅದಕ್ಕಿಂತ ಜೋರಾಗೇ ಇಳೀತಾನೆ. ಸೆಕೆಂಡಿಗೆ 3.1 ಮೀಟರ್. ಅವನೇ ಚಂದ್ರನಲ್ಲಿ ಅದೇ ವೇಗದಲ್ಲಿ ಚಿಮ್ಮಿದ್ರೆ 3 ಮೀಟರ್ ಮೇಲೆ ಹೋಗಿ, ನಾಲ್ಕು ಸೆಕೆಂಡ್ ಹತ್ರ ಅಲ್ಲಿದ್ದು, ಮತ್ತೆ ಅದೇ 3.1ರಲ್ಲಿ ಇಳೀತಾನೆ. ಯಾವ ಲೋಕದಲ್ಲಾದ್ರೂ ಸರಿ, ಗಾಳಿ ಅಡ್ಡ ಬರದಿದ್ರೆ ಬಿಟ್ಟ ವೇಗದಲ್ಲೇ ನೆಲ ಮುಟ್ಟೋದು. ಕಾಲು ತಳ್ಳಿದಷ್ಟನ್ನೇ ಕಾಲು ತಡ್ಕೋಬೇಕು.

ಮೇಷ್ಟ್ರು: ಆ ನಾಲ್ಕು ಸೆಕೆಂಡು ಇದೆಯಲ್ಲ, ಅದೇ ಅಪಾಯ. ಇಲ್ಲಿ ಅರ್ಧ ಸೆಕೆಂಡಲ್ಲಿ ಮೈ ಸ್ವಲ್ಪ ತಿರುಗಿದ್ರೂ ಕಾಲು ಸಿಗುತ್ತೆ. ನಾಲ್ಕು ಸೆಕೆಂಡು ಸಿಕ್ಕಿದ್ರೆ ಮೈ ಪೂರಾ ಲಾಗ ಹಾಕಿರುತ್ತೆ. ಅದೇ ವೇಗ, ಆದ್ರೆ ಕಾಲಿನ ಬದಲು ತಲೆ ಮೇಲೆ. ನಿಮ್ಮ ಡ್ಯೂಕ್ ಬಿದ್ದಿದ್ದು ಹಾಗೇ.

ಹುಡುಗಿ: ಹಾಗಾದ್ರೆ 40 ಸಾಕು ಅಂತ ವಿಕ್ರಮ್‌ನ ನಿಲ್ಲಿಸಿದ್ದು ಸರಿ ತಾನೆ? ಮುಂದೆ ಮಣ್ಣು ತುಂಬಿಕೊಂಡು ವಾಪಸ್ ಬರಬೇಕಾದ್ರೆ ಇಳಿದ ಮೇಲೆ ಮತ್ತೆ ಏಳೋದು ಬರಬೇಕು. ಆ ಏಳೋದನ್ನ ಅವತ್ತು ನೋಡಿಕೊಂಡ್ರು.

ಮೇಷ್ಟ್ರು: ಅದು ಸರಿ. ಅದನ್ನ ಹಾರಿದ್ದು ಅನ್ನೋದು ಸರಿ ಇಲ್ಲ. ಎದುರು ದೇವರನ್ನೇ ಕೇಳು. ಹನುಮಂತ ಲಂಕೆಗೆ ಹಾರಿದ ಅಂತೀವಿ. ಹೊರಡೋಕೆ ಮುಂಚೆ ಮಹೇಂದ್ರ ಪರ್ವತವನ್ನ ಕಾಲಲ್ಲಿ ಒತ್ತಿದ, ಬೆಟ್ಟ ನಡುಗಿತು, ಕಲ್ಲು ಉರುಳಿದ್ವು. ಹಾರೋದು ಅಂದ್ರೆ ಅದು. ನೆಲಕ್ಕೆ ಗೊತ್ತಾಗಬೇಕು.

ಹುಡುಗಿ: ಹಾರಿದ ಅಂದ್ರೆ ನೆಗೆದನಾ, ಇಲ್ಲ ಹಕ್ಕಿ ಥರ ಹಾರಿದನಾ ಸರ್? ಕನ್ನಡದಲ್ಲಿ ಎರಡಕ್ಕೂ ಅದೇ ಮಾತು.

ಮೇಷ್ಟ್ರು: ...ನೂರು ಯೋಜನ ನೆಗೆಯೋಕಾಗುತ್ತಾ? ನೆಗೆದ, ಆಮೇಲೆ ಹಾರಿದ.

(ಇದು ನನಗೆ ಹಿಡಿಸಿತು. ನೆಗೆ, ಜಿಗಿ, ಚಿಮ್ಮು, ಕುಪ್ಪಳಿಸು ಎಂದು ಇಷ್ಟೆಲ್ಲ ಇಟ್ಟುಕೊಂಡಿರುವ ಭಾಷೆ ಕಾಲಿನದ್ದಕ್ಕೂ ರೆಕ್ಕೆಯದ್ದಕ್ಕೂ ‘ಹಾರು’ ಎಂಬ ಒಂದೇ ಮಾತನ್ನು ಬಿಟ್ಟುಕೊಟ್ಟಿದೆ.)

ಹುಡುಗಿ: ಎರಡೂ ಒಂದೇ ಆಗೋ ಲೋಕ ಇದೆ. ಶನಿಯ ಉಪಗ್ರಹ ಟೈಟನ್. ಸೆಳೆತ ಚಂದ್ರನಿಗಿಂತ ಕಡಿಮೆ, ಗಾಳಿ ನಮ್ಮದಕ್ಕಿಂತ ನಾಲ್ಕು ಪಟ್ಟು ದಟ್ಟ. ಕೈಗೆ ರೆಕ್ಕೆ ಕಟ್ಕೊಂಡು ನೆಗೆದ್ರೆ ಬಡಿದುಕೊಂಡು ಹಾಗೇ ಹೋಗಬಹುದು. ಚಳಿ ಮಾತ್ರ ಸೊನ್ನೆಗಿಂತ 179 ಡಿಗ್ರಿ ಕೆಳಗೆ.

ಮೇಷ್ಟ್ರು: ನಾನು ಬರಲ್ಲ. ಮಂಗಳ?

ಹುಡುಗಿ: ಇಲ್ಲಿ 50 ಅಂದ್ರೆ ಅಲ್ಲಿ 1 ಮೀಟರ್ 30. ಗುರುವಿನಲ್ಲಿ ನೆಲವೇ ಇಲ್ಲ, ಬಿಡಿ. ಸಿರಿಸ್ ಅಂತ ಕುಬ್ಜಗ್ರಹ ಇದೆ, ಅಲ್ಲಿ 17 ಮೀಟರ್, 22 ಸೆಕೆಂಡ್. ಮಂಗಳನ ಸಣ್ಣ ಉಪಗ್ರಹ ಡೀಮೋಸ್‌ನಲ್ಲಿ ಎರಡು ಕಿಲೋಮೀಟರಿಗಿಂತ ಮೇಲೆ ಹೋಗಿ ಬರ್ತೀರಿ. ಇನ್ನೂ ಚಿಕ್ಕದಾದ್ರೆ, ರ್ಯುಗು ಥರದ ಕ್ಷುದ್ರಗ್ರಹದಲ್ಲಿ, ಹೋದ್ರೆ ಹೋದ ಹಾಗೇ. ಬರೋದೇ ಇಲ್ಲ.

ಮೇಷ್ಟ್ರು: ಬರದಿದ್ರೆ ಅದು ಹಾರೋದು ಅಲ್ಲ ಕಣಮ್ಮ, ಬಿಟ್ಟು ಹೋಗೋದು. ಕುಂಟೆಬಿಲ್ಲೆ ಆಡೋನು ಎಂಟು ಮನೆ ದಾಟಿ ತಿರುಗಿ ಬರಬೇಕು ತಾನೆ?

ಹುಡುಗಿ: ಅದು ಭೂಮಿಯೋರ ಅಭ್ಯಾಸ ಅಷ್ಟೇ. ರ್ಯುಗುವಿನಲ್ಲಿ ನೆಗೆಯೋದೇ ನಡಿಗೆ. 2018ರಲ್ಲಿ ಜಪಾನಿನವರು ಎರಡು ಪುಟ್ಟ ಯಂತ್ರ ಇಳಿಸಿದ್ರು. ಚಕ್ರ ಇಲ್ಲ. ಇದ್ರೂ ಸುಮ್ಮನೆ ತಿರುಗ್ತಿದ್ವು, ನೆಲ ಕಚ್ಚೋಕೆ ಭಾರ ಎಲ್ಲಿದೆ? ಒಳಗೊಂದು ಮೋಟಾರ್ ತಿರುಗಿಸಿ ಜಿಗೀತಾ ಹೋದ್ವು. ಒಂದೊಂದು ಜಿಗಿತಕ್ಕೆ 15 ನಿಮಿಷದವರೆಗೂ ಮೇಲೆ. ಮೊಸಾಯಿಕ್ ನೆಲದ ಮಾತು ಹೇಳಿದ್ರಲ್ಲ, ಅದನ್ನ ಕೊನೇವರೆಗೆ ಎಳೆದ್ರೆ ಇಲ್ಲಿಗೇ ಬರುತ್ತೆ. ಓಡೋಕಾಗದ ಜಾಗದಲ್ಲಿ ಹಾರೋದೊಂದೇ ದಾರಿ.

ಮೇಷ್ಟ್ರು: ಹಾರೋಕೆ ಒದೆಯೋ ನೆಲ ಗಟ್ಟಿ ಇರಬೇಕು ಅನ್ನೋದಾದ್ರೂ ನಿಜ ತಾನೆ?

ಹುಡುಗಿ: ಅದರಲ್ಲಿ ನೀವು ಗೆದ್ರಿ. 2020ರ ಅಕ್ಟೋಬರಲ್ಲಿ ಅಮೆರಿಕದ ನೌಕೆ ಬೆನ್ನು ಮೇಲೆ ಮಣ್ಣೆತ್ತೋಕೆ ಕೈ ಊರಿದ್ರೆ...

ಮೇಷ್ಟ್ರು: ಯಾರ ಬೆನ್ನು?

ಹುಡುಗಿ: ಅಯ್ಯೋ, ಬೆನ್ನು ಅಂತ ಕ್ಷುದ್ರಗ್ರಹದ ಹೆಸರು ಸರ್! ಊರಿದ ಕೈ ಅರ್ಧ ಮೀಟರ್ ಒಳಗೆ ಹೋಯ್ತು, ತಡೆಯೇ ಇಲ್ಲ. ಮೇಲಿನ ಕಲ್ಲುಗಳು ಒಂದಕ್ಕೊಂದು ಅಂಟಿಕೊಂಡಿಲ್ಲ, ಸುಮ್ಮನೆ ಪೇರಿಸಿಟ್ಟ ಹಾಗಿವೆ. ಎಂಜಿನ್ ಹೊತ್ತಿಸಿ ಹಿಂದೆ ಸರೀದಿದ್ರೆ ನೌಕೆ ಮುಳುಗಿ ಹೋಗ್ತಿತ್ತು. ಅಲ್ಲಿ ನೀವು ಒದ್ರೆ ಕಾಲೇ ಒಳಗೆ ಹೋಗುತ್ತೆ.

ಮೇಷ್ಟ್ರು: ಹನುಮಂತನಿಗೆ ಮಹೇಂದ್ರ ಪರ್ವತ ಸಿಕ್ಕಿದ್ದು ಪುಣ್ಯ. ಬೆನ್ನು ಸಿಕ್ಕಿದ್ರೆ ರಾಮಾಯಣ ಅಲ್ಲಿಗೇ ನಿಲ್ತಿತ್ತು.

ಹುಡುಗಿ: ಸರ್, ಒಂದು ಕೇಳ್ತೀನಿ. 2040ಕ್ಕೆ ನಮ್ಮೋರೊಬ್ಬರನ್ನ ಚಂದ್ರನ ಮೇಲೆ ಇಳಿಸಬೇಕು ಅಂತ ಗುರಿ ಇಟ್ಟಿದ್ದಾರೆ. ಅವರು ಹಾರಬೇಕಾ ಬೇಡವಾ?

ಮೇಷ್ಟ್ರು: ಕೆಲಸ ಮುಗಿಸಿ ಬರಲಿ. ನೀನೇ ಹೇಳಿದೆಯಲ್ಲ, ಬೆನ್ನ ಮೇಲೆ ಉಸಿರಿನ ಪೆಟ್ಟಿಗೆ ಅಂತ.

ಹುಡುಗಿ: ಹಾರದೆ ಇರೋಕಾಗುತ್ತಾ? ಅಷ್ಟು ದೂರ ಹೋಗಿ?

ಮೇಷ್ಟ್ರು ಉತ್ತರ ಕೊಡಲಿಲ್ಲ. ಎದ್ದು, ಆಟ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದ ಪುಟ್ಟಿಯ ಕೈಯಿಂದ ಚಾಕ್‌ಪೀಸ್ ತೆಗೆದುಕೊಂಡು, ಬೆರಳ ತುದಿಗೆ ಉಜ್ಜಿಕೊಂಡು, ಪಕ್ಕದ ಮನೆಯ ಕಾಂಪೌಂಡ್ ಗೋಡೆಗೆ ಭುಜ ತಾಗಿಸಿ ನಿಂತರು.

ಮೇಷ್ಟ್ರು: ಆ ಯಂಗ್ ತಳ್ಳಿದ್ದು ಇಲ್ಲಿನ ಲೆಕ್ಕದಲ್ಲಿ 7 ಅಂದೆಯಲ್ಲ?

ಹುಡುಗಿ: ಸರ್, ಮಂಡಿ! ಅದೂ ಅಲ್ದೆ ಅವರು ಉಡುಪು ಹಾಕ್ಕೊಂಡು...

ಮೇಷ್ಟ್ರು: ನನ್ನದು ಎಪ್ಪತ್ತೆರಡು ವರ್ಷದ ಉಡುಪು. ಸರಿಹೋಯ್ತು.

ಒಂದು ಗುರುತು ಹಾಕಿದರು. ಕುಗ್ಗಿದರು. ಚಪ್ಪಲಿ ನೆಲ ಬಿಟ್ಟಿದ್ದನ್ನು ನಾನು ಕಂಡೆ, ಸಾಕ್ಷಿ ಹೇಳಬಲ್ಲೆ. ಇಳಿಯುವಾಗ ಮಂಡಿ ಚೆನ್ನಾಗಿ ಮಡಿಸಿದರು. ಪುಟ್ಟಿ ಜಾಮಿಟ್ರಿ ಬಾಕ್ಸಿನ ಸ್ಕೇಲು ತಂದಳು.

ಹುಡುಗಿ: ಎಂಟು ಇದೆ.

ಮೇಷ್ಟ್ರು: ನೋಡು!

ಹುಡುಗಿ: ಆದ್ರೆ ಮೊದಲನೇ ಗುರುತಿಗೆ ನೀವು ಕೈ ಪೂರ್ತಿ ಚಾಚಲಿಲ್ಲ. ಮೊಣಕೈ ಮಡಿಸಿಟ್ಟುಕೊಂಡಿದ್ರಿ. ನಾವು ಹಾಗೆ ಮಾಡಿದ್ರೆ ಸ್ಟಿಕ್ಕಲ್ಲಿ ಹೊಡೀತಿದ್ರಿ.

ಮೇಷ್ಟ್ರು: ಚಾಚಿದ್ದೆ.

ಹುಡುಗಿ: ಇಲ್ಲ. ನಾನು ನೋಡಿದೆ.

ಮೇಷ್ಟ್ರು: ಭುಜ ಹಿಡ್ಕೊಂಡಿದೆ, ಅದು ಚಾಚೋದೇ ಅಷ್ಟು.

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಹಡಿಯ ಕಿಟಕಿ ತೆರೆಯಿತು. ‘ಯಾರ್ರೀ ಅದು ಗೋಡೆ ಮೇಲೆ ಗೀಚ್ತಿರೋದು? ಯುಗಾದಿಗೆ ತಾನೇ ಬಣ್ಣ ಹೊಡೆಸಿದ್ದು!’ ಮೇಷ್ಟ್ರು ಚಾಕ್‌ಪೀಸನ್ನು ಮೆಲ್ಲಗೆ ಪುಟ್ಟಿಯ ಕೈಗೆ ಜಾರಿಸಿದರು.